ಹಣ್ಣಿನ ಶೆಡ್ಡಿನ ಬಟ್ಟೆಚೂರುಗಳು

ಇದನ್ನು ಬರೆಯಲು ಈ ಹಿಂದೆ ಮೂರು ಸಲ ಕೂತಿದ್ದೆ. ಒಂದು ಸಲ ಕಣ್ಣಿನ ಆಪರೇಷನ್ನು ಅಡ್ಡ ಬಂತು ಎಂದುಕೊಂಡೆ, ಇನ್ನೊಂದು ಸಲ ಮನೆಗೆ ನೆಂಟರು ಬಂದರು ಎಂದುಕೊಂಡೆ. ಮೂರನೆಯ ಸಲ ಯಾವ ನೆಪವೂ ಸಿಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಎದ್ದುಹೋದೆ. ಹೀಗೇ ಒಂಬತ್ತು ವರ್ಷ ಕಳೆದವು. ಈಗ ನನಗೆ ಅರವತ್ತೇಳು.

ಇದರಲ್ಲಿ ಯಾರ ಹೆಸರೂ ಬರುವುದಿಲ್ಲ. ಯಾರ ವಿಷಯ ಹೇಳಬೇಕೆಂದು ಕೂತಿದ್ದೇನೋ ಅವನ ಹೆಸರನ್ನು ನಾನು ಜೀವಮಾನದಲ್ಲಿ ಒಂದೇ ಸಲ ಕಾಗದದ ಮೇಲೆ ಬರೆದೆ, ಅದೂ ಅವನ ಕೆಲಸ ಕಳೆಯುವುದಕ್ಕೆ. ಅವನನ್ನು ಕೇಳದೆ ಮತ್ತೊಮ್ಮೆ ಬರೆಯುವ ಹಕ್ಕು ನನಗಿಲ್ಲ. ಅವನದ್ದು ಬಿಟ್ಟು ಮಿಕ್ಕವರ ಹೆಸರು ಬರೆದರೆ ಅದೂ ಸರಿಯಾಗುವುದಿಲ್ಲ.

ನಾನು ಹೋಳೂರಿನವನು. ಕೋಲಾರದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಅಲ್ಲಿ ಇಲ್ಲಿ ಗುಮಾಸ್ತಿಕೆ ಮಾಡಿ, ಕೊನೆಗೆ ಮಾಲೂರಿನ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ನೆಲೆ ನಿಂತೆ. ಕಂಪನಿಗೆ ಶ್ರೀನಿವಾಸಪುರದಲ್ಲೂ ಮುಳಬಾಗಿಲಿನಲ್ಲೂ ಕಾಯಿ ಕೊಳ್ಳುವ ಯಾರ್ಡುಗಳಿದ್ದವು, ಕೋಲಾರದಲ್ಲಿ ಆಫೀಸು. ಯಾರ್ಡಿನಿಂದ ಲಾರಿಯಲ್ಲಿ ಬಂದ ಕಾಯಿಯನ್ನು ಮಾಲೂರಿನ ಶೆಡ್ಡಿನಲ್ಲಿ ಕ್ರೇಟುಗಳಲ್ಲಿ ಜೋಡಿಸಿ ಮಾಗಲು ಬಿಡುತ್ತಿದ್ದೆವು. ಮಾಗಿದ ಮೇಲೆ ಮೆಷಿನ್ನಿಗೆ ಕಳಿಸಿದರೆ ಅದು ತಿರುಳಾಗಿ ಡ್ರಮ್ಮು ಸೇರುತ್ತಿತ್ತು. ಆ ಶೆಡ್ಡಿಗೆ ನಾನು ಇನ್‌ಚಾರ್ಜು. ಯಾವ ಲಾಟು ಯಾವ ದಿನ ಮೆಷಿನ್ನಿಗೆ ಹೋಗಬೇಕೆಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ನಾನು ಬರೆಯುತ್ತಿದ್ದೆ, ಅಷ್ಟೆ. ತೀರ್ಮಾನ ಅವನದು.

ಅವನು ಮುಳಬಾಗಿಲಿನವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಮನೆಮಾತು ದಖ್ಖನಿ. ಅವನ ತಂದೆ ರಜಾಯಿ ಹೊಲಿಯುತ್ತಿದ್ದರಂತೆ, ತಮ್ಮನದು ಟೈಲರ್ ಅಂಗಡಿ. ಅವನಿಗೆ ಮಾತ್ರ ಸೂಜಿಯೂ ಹತ್ತಲಿಲ್ಲ, ಅಕ್ಷರವೂ ಹತ್ತಲಿಲ್ಲ. ಮಾವಿನ ಸೀಸನ್ನು ಶುರುವಾಗುವಾಗ ತಮ್ಮನ ಅಂಗಡಿಯ ಬಟ್ಟೆಚೂರುಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ದಿನಾ ಬೆಳಗ್ಗೆ ಶೆಡ್ಡಿನ ಸಾಲು ಸಾಲಿಗೂ ಹೋಗಿ ಒಂದೊಂದು ಲಾಟಿನಿಂದ ಎರಡು ಕಾಯಿ ಎತ್ತಿ, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ, ಮೂಗಿಗೆ ಹಿಡಿದು, ಕ್ರೇಟಿಗೆ ಒಂದು ಚೂರು ಕಟ್ಟುತ್ತಿದ್ದ. ಕೆಂಪು ಎಂದರೆ ಇವತ್ತು, ಹಳದಿ ಎಂದರೆ ನಾಳೆ, ಹಸಿರು ಎಂದರೆ ಮುಟ್ಟಬೇಡಿ. ಲೋಡಿಂಗಿನವರು ಬಟ್ಟೆ ನೋಡಿ ಕ್ರೇಟು ಎತ್ತುತ್ತಿದ್ದರು. ನಾನು ಹಿಂದೆ ಹಿಂದೆ ಹೋಗಿ ಅದನ್ನೇ ರಿಜಿಸ್ಟರಿಗೆ ಇಳಿಸಿ ಕೆಳಗೆ ಸಹಿ ಹಾಕುತ್ತಿದ್ದೆ. ಹತ್ತೊಂಬತ್ತು ಸೀಸನ್ನು ಹೀಗೆ ನಡೆಯಿತು. ನಾನು ಬರುವ ಮುಂಚೆಯೇ ಅವನು ಅಲ್ಲಿ ಮೂರು ಸೀಸನ್ನು ಮುಗಿಸಿದ್ದ.

ಮೊದಲು ಬಂದ ಕಾಯಿ ಮೊದಲು ಮಾಗುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಶ್ರೀನಿವಾಸಪುರದ ಕೆಂಪು ನೆಲದ, ಮಳೆ ನಂಬಿದ ತೋಪಿನ ಕಾಯಿ ನಾಲ್ಕು ದಿನಕ್ಕೆ ತಯಾರು. ದೇವರಾಯಸಮುದ್ರದ ಕೆರೆಯ ಕೆಳಗಿನ ತೋಟದ ಕಾಯಿ ಅದಕ್ಕಿಂತ ಮುಂಚೆ ಬಂದಿದ್ದರೂ ಕಲ್ಲಿನಂತೆ ಕೂತಿರುತ್ತದೆ. ಅದು ಯಾಕೆ ಎಂದು ಮೊದಲ ವರ್ಷವೇ ಅವನನ್ನು ಕೇಳಿದ್ದೆ.

"ಕೆರೆ ಕೆಳಗಿನ ಕಾಯಿ ಸಾಹುಕಾರ್ರ ಮನೆ ಅಳಿಯ ಇದ್ದಂಗೆ ಅಣ್ಣಾ. ಕುಡ್ದು ಕುಡ್ದು ಮಲಗಿರ್ತದೆ, ಯಾವಾಗೋ ಏಳ್ತದೆ. ಶ್ರೀನಿವಾಸಪುರದ್ದು ಕೂಲಿಯೋನು. ಕೋಳಿ ಕೂಗೋಷ್ಟರಲ್ಲಿ ರೆಡಿ."

"ನಾನು ಯಾವುದೋ?"

"ನೀವು ಉಪ್ಪಿನಕಾಯಿ," ಎಂದ. ಆ ಮಾತಿಗೆ ಲೋಡಿಂಗಿನವರು ಒಂದು ವಾರ ನಕ್ಕರು.

ನನಗೆ ಐವತ್ತೆಂಟು ತುಂಬುವ ವರ್ಷ, ಸೀಸನ್ನಿಗೆ ಮೂರು ನಾಲ್ಕು ತಿಂಗಳು ಮುಂಚೆ, ಕಂಪನಿ ಇಆರ್‌ಪಿ ತರುತ್ತದೆ ಎಂಬ ಸುದ್ದಿ ಬಂತು. ಖರೀದಿ, ಶೆಡ್ಡು, ಮೆಷಿನ್ನು, ಡ್ರಮ್ಮು, ಲಾರಿ, ಎಲ್ಲವೂ ಒಂದೇ ಕಂಪ್ಯೂಟರ್ ವ್ಯವಸ್ಥೆಯೊಳಗೆ ಬರಬೇಕು, ನಮ್ಮ ರಿಜಿಸ್ಟರುಗಳೂ ಕೋಲಾರದ ಆಫೀಸಿನ ಹಳೆಯ ಪ್ರೋಗ್ರಾಮೂ ಮೂಲೆಗೆ ಹೋಗಬೇಕು. ಅದನ್ನು ಹೇಗೆ ಮಾಡುವುದೆಂದು ಯೋಜನೆ ಹಾಕಲು ಬೆಂಗಳೂರಿನಿಂದ ಮೂವರು ಬಂದರು. ಅವರಿಗೆ ಮುಖ್ಯಸ್ಥೆ ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು. ವಾರಕ್ಕೆ ಎರಡು ದಿನ ನಮ್ಮನ್ನೆಲ್ಲ ಕೋಲಾರದ ಆಫೀಸಿನ ಮಹಡಿಯಲ್ಲಿ ಕೂರಿಸಿ, ಯಾವ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಳು.

ಮೊದಲ ವಾರಗಳೆಲ್ಲ ತಮಾಷೆಯಾಗಿದ್ದವು. ಹೊಸ ವ್ಯವಸ್ಥೆಗೆ ಒಂದು ಕಾಯಿಗೆ ಒಂದೇ ಹೆಸರು ಬೇಕು. ನಮ್ಮ ಪುಸ್ತಕಗಳಲ್ಲಿ ಅದೇ ಕಾಯಿ ಮಾಲೂರಿನಲ್ಲಿ ತೋತಾಪುರಿ, ಶ್ರೀನಿವಾಸಪುರದಲ್ಲಿ ಬೆಂಗಳೂರ, ಮುಳಬಾಗಿಲಿನಲ್ಲಿ ಗಿಣಿಮೂತಿ. ಮೂರನ್ನೂ ಬೇರೆ ಬೇರೆ ಮಾಲು ಎಂದು ಅವರ ಪಟ್ಟಿ ತೋರಿಸುತ್ತಿತ್ತು.

"ಏ ಪೇರಾದ್ರೂ, ಯಾವ ಹೆಸ್ರಾದ್ರೂ ಇಟ್ಕೊಳ್ಳಿ ಮೇಡಂ," ಎಂದ ಮುಳಬಾಗಿಲು ಯಾರ್ಡಿನವನು. "ಕಾಯಿ ಏನ್ ತಿರುಗಿ ನೋಡಲ್ಲ."

ಆ ತಮಾಷೆ ನಿಂತದ್ದು ಒಂದು ಗುರುವಾರ. ಮ್ಯಾನೇಜರು ಬಂದು ಎಲ್ಲರ ಮುಂದೆ ಹೇಳಿದರು: "ಹೊಸ ಸಿಸ್ಟಂನಲ್ಲಿ ಶೆಡ್‌ಗೆ ಒಂದೇ ಐಡಿ. ಡಿಸಿಷನ್ ತಗೊಳ್ಳೋರಿಗೆ ಅದು. ಬರೀ ಬರೆಯೋರು ಇನ್ಮೇಲೆ ಬೇಕಾಗಲ್ಲ ನೋಡಿ, ಅದನ್ನ ಮೆಷಿನ್ನೇ ಬರ್ಕೊಳ್ಳತ್ತೆ."

ಅವರು ನನ್ನನ್ನು ನೋಡಿ ಹೇಳಲಿಲ್ಲ. ಆದರೂ ಆ ಮಾತು ನನಗೇ ಎಂದು ಗೊತ್ತಾಯಿತು. ನಿವೃತ್ತಿಗೆ ಇನ್ನೂ ಸುಮಾರು ಮೂರು ವರ್ಷ ಇತ್ತು.

ಮುಂದಿನ ಸಭೆಯಲ್ಲಿ ನನ್ನ ಸರದಿ. ಆಕೆಯ ಹಾಳೆಯ ಮೇಲೆ 'ಈಗಿನ ಪದ್ಧತಿ' ಎಂದು ತಲೆಬರಹ, ಕೆಳಗೆ ಖಾನೆಗಳು: ಕೆಲಸ ಯಾವುದು, ಯಾವ ಪುಸ್ತಕದಲ್ಲಿ ಬರೆಯುತ್ತಾರೆ, ತೀರ್ಮಾನ ಯಾರದು.

"ಸರ್, ಯಾವ ಲಾಟ್ ಮೊದಲು ಹೋಗ್ಬೇಕು ಅಂತ ಯಾರು ಡಿಸೈಡ್ ಮಾಡ್ತಾರೆ?"

"ನಾನೇ ಮೇಡಂ."

"ಯಾವ ಲೆಕ್ಕದ ಮೇಲೆ?"

"ಬಂದ ತಾರೀಕಿನ ಮೇಲೆ. ಮೊದಲು ಬಂದದ್ದು ಮೊದಲು."

ಆಕೆ ರಿಜಿಸ್ಟರಿನ ಹಾಳೆ ತಿರುವಿದಳು. ಬೆರಳಿಟ್ಟು ನೋಡಿದಳು. "ಇಲ್ಲಿ ಒಂಬತ್ತನೇ ತಾರೀಕು ಬಂದದ್ದು ಹಾಗೇ ಕೂತಿದೆ, ಹನ್ನೊಂದರದ್ದು ಮೊದಲು ಹೋಗಿದೆ. ಈ ಥರ ತುಂಬ ಕಡೆ ಇದೆಯಲ್ಲ ಸರ್?"

ಮ್ಯಾನೇಜರು ತಲೆ ಎತ್ತಿದರು. ಅವನು ಒಬ್ಬನಿದ್ದಾನೆ, ಒತ್ತಿ ಮೂಸಿ ಹೇಳುತ್ತಾನೆ, ನಾನು ಅದನ್ನು ಬರೆದುಕೊಳ್ಳುತ್ತೇನೆ ಎಂದು ಹೇಳಲು ಬೇಕಾದದ್ದು ಒಂದೇ ವಾಕ್ಯ. ಅದು ನಾಲಿಗೆಯ ಮೇಲಿತ್ತು.

"ಬರೆಯೋವಾಗ ತಪ್ಪಾಗಿರ್ಬೇಕು ಮೇಡಂ," ಎಂದೆ. "ಸೀಸನ್ನಲ್ಲಿ ಗಡಿಬಿಡಿ ಇರ್ತದೆ."

"ಅದಕ್ಕೇ ತಾನೆ ಸಿಸ್ಟಂ ತರ್ತಿರೋದು," ಎಂದು ಮ್ಯಾನೇಜರು ನಕ್ಕರು.

ಆಕೆ ನಗಲಿಲ್ಲ. ಶೆಡ್ಡು ನೋಡಬೇಕು ಎಂದಳು. ಮಾರನೆಯ ದಿನ ಮಾಲೂರಿಗೆ ಕರೆದುಕೊಂಡು ಹೋದೆ. ಸೀಸನ್ನಿಲ್ಲದ ಕಾಲ, ಖಾಲಿ ಕ್ರೇಟುಗಳು ಸೂರಿನ ತನಕ ಪೇರಿಸಿದ್ದವು. ಕೆಲವಕ್ಕೆ ಹಿಂದಿನ ವರ್ಷದ ಬಟ್ಟೆಚೂರುಗಳು ಇನ್ನೂ ಅಂಟಿಕೊಂಡಿದ್ದವು, ಬಣ್ಣ ಮಾಸಿ. ಆಕೆ ಒಂದನ್ನು ಎಳೆದು ನೋಡಿ ಇದೇನು ಎಂದು ಕೇಳಿದಳು.

"ಕೂಲಿಯವರು ಏನೋ ಗುರುತಿಗೆ ಕಟ್ಕೋತಾರೆ ಮೇಡಂ."

ಎರಡು ದಿನದೊಳಗೆ ನಾಲ್ಕು ಸುಳ್ಳು. 'ತೀರ್ಮಾನ ಯಾರದು' ಎಂಬ ಖಾನೆಯಲ್ಲಿ ಆಕೆ ನನ್ನ ಹೆಸರು ಟೈಪು ಮಾಡಿದಳು. ಹೊಸ ವ್ಯವಸ್ಥೆಯ ಯೋಜನೆಯಲ್ಲಿ ನಿಯಮ ಸೇರಿತು: ಮೊದಲು ಬಂದ ಲಾಟು ಮೊದಲು ಹೋಗತಕ್ಕದ್ದು. ಪೂರ್ತಿ ಬದಲಾಯಿಸುವ ಮುಂಚೆ, ಸೀಸನ್ನಿನ ಭರದಲ್ಲೇ ಶೆಡ್ಡಿನಲ್ಲಿ ಒಂದು ವಾರ ಪರೀಕ್ಷೆ ನಡೆಸುವುದೆಂದು ಗೊತ್ತಾಯಿತು.

ಮೇ ತಿಂಗಳಲ್ಲಿ ಅವನು ಎಂದಿನಂತೆ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಈ ಸಲ ಒಂದು ವಾರ ಕಂಪ್ಯೂಟರಿನಿಂದ ಲಿಸ್ಟು ಬರುತ್ತದೆ, ಅದರ ಪ್ರಕಾರ ಕ್ರೇಟು ಹೋಗಬೇಕು ಎಂದು ಹೇಳಿದೆ.

"ಲಿಸ್ಟು ಮೂಸಿ ನೋಡ್ತದಾ ಅಣ್ಣಾ?"

"ನಿನ್ನ ಬಟ್ಟೆ ನೋಡ್ಕೊಂಡೇ ಲಿಸ್ಟ್ ಮಾಡಿಸ್ತೀನಿ ಬಿಡು."

ಹಾಗೆ ಮಾಡುವ ಉಪಾಯ ನನಗೆ ಹೊಳೆದಿತ್ತು. ಪರೀಕ್ಷೆಯ ಮೊದಲೆರಡು ದಿನ ಅವನು ಕೆಂಪು ಕಟ್ಟಿದ ಲಾಟುಗಳಿಗೆ ಕಂಪ್ಯೂಟರಿನಲ್ಲಿ ಹಳೆಯ ತಾರೀಕು ಹಾಕಿದೆ, ಹಸಿರಿನವಕ್ಕೆ ಹೊಸ ತಾರೀಕು. ಲಿಸ್ಟು ಅವನ ಬಟ್ಟೆಯ ಹಾಗೇ ಹೊರಬಂತು. ಮ್ಯಾನೇಜರು ಸಿಸ್ಟಂ ಭೇಷ್ ಎಂದರು. ಒಂದು ವಾರ ಹೀಗೇ ದಾಟಿಸಿಬಿಡಬಹುದು ಎಂದುಕೊಂಡೆ. ಆಮೇಲೇನು ಎಂದು ನಾನು ಯೋಚಿಸಿರಲಿಲ್ಲ.

ಮೂರನೆಯ ದಿನ ಗೇಟಿನ ತೂಕದ ಕಟ್ಟೆಯನ್ನು ಕಂಪ್ಯೂಟರಿಗೆ ಜೋಡಿಸಿದರು. ಲಾರಿ ಒಳಗೆ ಬಂದ ತಾರೀಕು ತಾನಾಗಿ ದಾಖಲಾಗತೊಡಗಿತು. ಹಿಂದಿನ ವಾರದ ಲಾಟುಗಳ ತಾರೀಕನ್ನೂ ಗೇಟಿನ ಪುಸ್ತಕ ನೋಡಿ ಸರಿಪಡಿಸಿದರು. ನನ್ನ ಕೈಗೆ ಇನ್ನು ಏನೂ ಸಿಗುವಂತಿರಲಿಲ್ಲ. ಅವತ್ತಿನ ಲಿಸ್ಟಿನಲ್ಲಿ ದೇವರಾಯಸಮುದ್ರದ ಕಾಯಿ ಮೊದಲು, ಶ್ರೀನಿವಾಸಪುರದ್ದು ಎರಡು ದಿನ ಬಿಟ್ಟು. ಶೆಡ್ಡಿನಲ್ಲಿ ನೋಡಿದರೆ ದೇವರಾಯಸಮುದ್ರದ್ದಕ್ಕೆ ಹಸಿರು, ಶ್ರೀನಿವಾಸಪುರದ್ದಕ್ಕೆ ಕೆಂಪು.

ಲೋಡಿಂಗಿನವರು ಕೈ ಕಟ್ಟಿ ನಿಂತರು. ಅವರ ಮೇಸ್ತ್ರಿ ಕೇಳಿದ: "ಸಾರೂ, ಬಟ್ಟೆ ಮಾತು ಕೇಳ್ಬೇಕಾ, ಪೇಪರ್ ಮಾತು ಕೇಳ್ಬೇಕಾ? ರೆಂಡೂ ಜಗಳ ಆಡ್ತಾವೆ."

ಮ್ಯಾನೇಜರು ಆಚೆ ಮೆಷಿನ್ನಿನ ಪಕ್ಕದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು, ಅದರ ಸದ್ದಿಗೆ ಮಾತು ಅವರಿಗೆ ಕೇಳುವಂತಿರಲಿಲ್ಲ.

"ಪೇಪರು," ಎಂದೆ.

ಅವನು ಸಾಲಿನ ನಡುವಿನಿಂದ ಬಂದು ನನ್ನ ಅಂಗೈಯಲ್ಲಿ ಒಂದು ಕಾಯಿ ಇಟ್ಟ. "ನೀವೇ ಒತ್ತಿ ನೋಡಿ. ಕಲ್ಲು. ಇದನ್ನ ಅರೆದ್ರೆ ಬರೀ ಹುಳಿ ಬರ್ತದೆ. ಆ ಕಡೆಯದು ಇವತ್ತು ಹೋಗ್ಲಿಲ್ಲ ಅಂದ್ರೆ ನಾಳಿದ್ದು ಸಾರಾಯಿ."

"ಒಂದು ವಾರ ತಾನೆ. ಸುಮ್ನಿರು."

"ನಕ್ಕೋ ಅಣ್ಣಾ, ಬೇಡ, ಹಣ್ಣು ವಾರ ಕಾಯಲ್ಲ. ಸಾಹೇಬ್ರಿಗೆ ಒಂದ್ ಮಾತು ಹೇಳಿ. ನಿಮ್ ಮಾತು ಕೇಳ್ತಾರೆ."

ನಾನು ಕಾಯಿಯನ್ನು ಕ್ರೇಟಿಗೆ ಹಾಕಿ ಲಿಸ್ಟು ನೋಡತೊಡಗಿದೆ. ಅವನು ತನ್ನ ಸಾಲಿಗೆ ವಾಪಸು ಹೋದ. ಶ್ರೀನಿವಾಸಪುರದ ಲಾಟಿನ ಮೇಲೆ ಆ ಕೆಂಪು ಚೂರು ಎರಡು ದಿನ ಹಾಗೇ ನೇತಾಡಿತು. ಎರಡನೆಯ ದಿನ ಆ ಸಾಲಿನ ಹತ್ತಿರ ಹೋದರೆ ಹುಳಿತ ವಾಸನೆ ಮೂಗಿಗೆ ಬಡಿಯುತ್ತಿತ್ತು, ನನ್ನ ಮೂಗಿಗೂ.

ಮೂರು ದಿನದ ತಿರುಳನ್ನು ಲ್ಯಾಬಿನವರು ತಿರಸ್ಕರಿಸಿದರು. ಒಂದು ಕಡೆ ಬಿಳಚಿದ ಹುಳಿ ತಿರುಳು, ಇನ್ನೊಂದು ಕಡೆ ನೊರೆ ಬಂದ ತಿರುಳು. ಡ್ರಮ್ಮುಗಳನ್ನು ಕಾರ್ಖಾನೆಯ ಹಿಂದೆ ಸಾಲಾಗಿ ನಿಲ್ಲಿಸಿದರು. ಕೋಲಾರದಲ್ಲಿ ವಿಚಾರಣೆ ಕರೆದರು. ಬೆಂಗಳೂರಿನ ಹೆಣ್ಣುಮಗಳು ಅವತ್ತು ಇರಲಿಲ್ಲ.

"ಲಿಸ್ಟ್ ಕರೆಕ್ಟಾಗಿದೆ, ನಾನೇ ಚೆಕ್ ಮಾಡಿದೀನಿ," ಎಂದರು ಮ್ಯಾನೇಜರು. "ಹಾಗಾದ್ರೆ ಶೆಡ್‌ನಲ್ಲೇ ಏನೋ ಎಡವಟ್ಟಾಗಿದೆ. ಏನಾಯ್ತು ಹೇಳಿ."

"ಲೋಡಿಂಗ್‌ನೋರು ಲಿಸ್ಟ್ ನೋಡ್ಲಿಲ್ಲ ಸಾರ್. ಕ್ರೇಟಿಗೆ ಬಟ್ಟೆ ಕಟ್ಟೋ ಅಭ್ಯಾಸ ಇತ್ತು. ಅದನ್ನ ನೋಡಿ ಎತ್ತಿಬಿಟ್ರು."

"ಯಾರು ಕಟ್ಟೋದು?"

ನಾನು ಹೇಳಿದೆ.

"ಬರ್ದು ಕೊಡಿ."

ಬರೆದೆ. ತಂದೆಯ ಹೆಸರು ಸಮೇತ, ಅಕ್ಷರ ತಪ್ಪದ ಹಾಗೆ. ಓದು ಬಾರದವನು, ಸೀಸನ್ನಿಗೆ ಬಂದು ಹೋಗುವವನು, ಮುಳಬಾಗಿಲಿನ ಸಾಬರ ಕೇರಿಯವನು. ಅಂಥವನ ಹೆಸರು ಕೊಟ್ಟರೆ ಆ ಕೋಣೆಯಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಹೆದರಿಕೆಯಿಂದ ಬಾಯಿ ತಪ್ಪಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಸೀಸನ್ನಿನವನನ್ನು ತೆಗೆಯಲು ಕಾಗದ ಪತ್ರ ಬೇಕಿರಲಿಲ್ಲ. ನಾಳೆಯಿಂದ ಬರಬೇಡ ಎಂದರು, ಮುಗಿಯಿತು. ಅವನು ಗೇಟಿನ ಹತ್ತಿರ ನನಗಾಗಿ ಕಾದು ನಿಂತಿದ್ದ. ಬಯ್ಯುತ್ತಾನೆ ಎಂದುಕೊಂಡೆ. ಬಯ್ದಿದ್ದರೆ ನನಗೂ ತಿರುಗಿ ಬಯ್ಯಲು ಒಂದು ದಾರಿ ಸಿಗುತ್ತಿತ್ತು.

"ಏನು ಬರ್ದ್ರಿ ಅಣ್ಣಾ?"

"ನಡೆದದ್ದು ಬರೆದೆ."

ನನ್ನ ಮುಖವನ್ನೇ ನೋಡಿದ, ಕಾಯಿ ನೋಡುವ ಹಾಗೆ. ಆಮೇಲೆ ಹೆಗಲ ಮೇಲಿನ ಚೀಲ ಇಳಿಸಿ ನನ್ನ ಕಾಲ ಹತ್ತಿರ ಇಟ್ಟ.

"ಮಿಕ್ಕಿದ್ದು ಇಟ್ಕೊಳ್ಳಿ, ಇನ್ನೂ ಒಂದು ತಿಂಗಳು ಸೀಸನ್ ಇದೆ. ಗೋಡೆ ಪಕ್ಕದ ಹಸಿರು ನಾಳಿದ್ದು ಕೆಂಪಾಗ್ತದೆ. ಅದನ್ನ ಮಾತ್ರ ಬಿಡಬೇಡಿ."

ಇಷ್ಟು ಹೇಳಿ ಬಸ್ ನಿಲ್ದಾಣದ ಕಡೆ ನಡೆದ. ನಾನು ಚೀಲವನ್ನು ಶೆಡ್ಡಿನ ಅಟ್ಟಕ್ಕೆ ಎಸೆದೆ. ಗೋಡೆ ಪಕ್ಕದ ಲಾಟು ಅವನು ಹೇಳಿದ ದಿನವೇ ತಯಾರಾಯಿತು. ಲಿಸ್ಟಿನಲ್ಲಿ ಅದು ಇರಲಿಲ್ಲ.

ಸೀಸನ್ನು ಮುಗಿದ ಮೇಲೆ ಆ ಹೆಣ್ಣುಮಗಳು ಮತ್ತೆ ಬಂದಳು. ನನ್ನ ಹತ್ತೊಂಬತ್ತು ವರ್ಷದ ರಿಜಿಸ್ಟರುಗಳ ಫೋಟೋ ತೆಗೆದುಕೊಂಡು ಹೋಗಿದ್ದಳಂತೆ, ಒಂದೊಂದು ಸಾಲನ್ನೂ ಕಂಪ್ಯೂಟರಿಗೆ ಹಾಕಿ ನೋಡಿದ್ದಳಂತೆ. ಅವಳ ಮುಖ ಅರಳಿತ್ತು.

"ಸರ್, ಅವು ತಪ್ಪುಗಳಲ್ಲ. ಶ್ರೀನಿವಾಸಪುರದ್ದು ಪ್ರತಿ ವರ್ಷ ನಾಲ್ಕನೇ ದಿನ ಹೋಗಿದೆ. ಕೆರೆ ಕೆಳಗಿನದ್ದು ಆರು, ಮಳೆ ಬಂದ ವರ್ಷ ಏಳು. ನಿಮಗೇ ಗೊತ್ತಿಲ್ಲದೆ ನೀವು ಎಷ್ಟು ಕರೆಕ್ಟಾಗಿ ಮಾಡಿದೀರ ನೋಡಿ. ಪ್ಲಾನ್ ಬದಲಾಯಿಸ್ತಿದೀನಿ. ಊರಿನ ಮೇಲೆ ದಿನ ಲೆಕ್ಕ ಹಾಕೋ ನಿಯಮ ಸೇರಿಸ್ತೀವಿ."

ನಾನು ಹೌದೆನ್ನುವಂತೆ ತಲೆ ಅಲ್ಲಾಡಿಸಿದೆ.

"ಕ್ರೇಟಿಗೆ ಬಟ್ಟೆ ಕಟ್ತಿದ್ದೋರು ಒಬ್ರು ಇದ್ರಂತಲ್ಲ, ಅವರೆಲ್ಲಿ ಈಗ?"

ಇಷ್ಟು ಸುಲಭದ ಅವಕಾಶ ದೇವರು ಯಾರಿಗೂ ಕೊಡುವುದಿಲ್ಲ. "ಬಿಟ್ಟು ಹೋದ ಮೇಡಂ," ಎಂದೆ.

ಮುಂದಿನ ಸೀಸನ್ನಿಗೆ ಮುಂಚೆ ಇಡೀ ಕಂಪನಿ ಹೊಸ ವ್ಯವಸ್ಥೆಗೆ ಬದಲಾಯಿತು. ಮಾಲೂರಿನಲ್ಲಿ ಸಣ್ಣ ಸಮಾರಂಭ ಮಾಡಿದರು. ಶೆಡ್ಡಿನ ಅನುಭವವನ್ನೆಲ್ಲ ಯೋಜನೆಗೆ ಧಾರೆ ಎರೆದವರು ಎಂದು ಮ್ಯಾನೇಜರು ನನಗೆ ಶಾಲು ಹೊದಿಸಿದರು. ಲೋಡಿಂಗಿನವರು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಮೇಸ್ತ್ರಿ ಚಪ್ಪಾಳೆ ತಟ್ಟಲಿಲ್ಲ. ಪೇಪರು ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡವನು ಅವನು.

ಎರಡು ವರ್ಷ ಆ ಐಡಿ ಇಟ್ಟುಕೊಂಡು ಕೂತೆ. ಕಂಪ್ಯೂಟರು ದಿನಾ ಬೆಳಗ್ಗೆ ಲಿಸ್ಟು ಕೊಡುತ್ತಿತ್ತು, ಅದು ಹೆಚ್ಚುಕಡಿಮೆ ಅವನ ಬಟ್ಟೆಯ ಹಾಗೇ ಇರುತ್ತಿತ್ತು. ನಾನು ಒಂದು ಗುಂಡಿ ಒತ್ತುತ್ತಿದ್ದೆ. ನನ್ನನ್ನು ಬೇಡದವನನ್ನಾಗಿ ಮಾಡುತ್ತಾರೆ ಎಂದು ಹೆದರಿದ್ದೆನಲ್ಲ, ಆ ಎರಡು ವರ್ಷ ನಾನು ಇದ್ದದ್ದು ಹಾಗೆಯೇ.

ಮೂರು ವರ್ಷದ ಹಿಂದೆ ಚಿತ್ತೂರಿನ ಕಡೆ ಒಂದು ಮದುವೆಗೆ ಹೊರಟಿದ್ದೆ. ನಂಗಲಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕೆಳಗಿಳಿದೆ. ಸಾಲುಗಟ್ಟಿದ ಲಾರಿಗಳ ಪಕ್ಕ ಒಂದು ತಳ್ಳುಗಾಡಿ, ಅದರ ತುಂಬ ಮಾವು, ಹಿಂದೆ ಅವನು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನಗಿಂತ ಮೊದಲು ಅವನೇ ನನ್ನನ್ನು ಗುರುತಿಸಿದ, ಅದು ನನಗೆ ಕಂಡಿತು.

"ಏನ್ ಬೇಕು ಸಾರ್?"

ಹತ್ತೊಂಬತ್ತು ವರ್ಷ ಅಣ್ಣಾ ಎಂದವನು.

"ಹಣ್ಣು," ಎಂದೆ.

"ಇವತ್ತು ತಿನ್ನಕ್ಕಾ, ನಾಳೆಗಾ?"

"ನಾಳೆಗೆ."

ಅವನು ಒಂದೊಂದನ್ನೂ ತೊಟ್ಟಿನ ಹತ್ತಿರ ಒತ್ತಿ, ಮೂಸಿ, ಆರಿಸಿ ಹಾಕತೊಡಗಿದ. ನನ್ನ ಪಕ್ಕ ಒಬ್ಬ ಲಾರಿ ಡ್ರೈವರು ನಿಂತಿದ್ದ. "ಮೂಸಿ ಮೂಸಿ ವಾಸನೆ ಎಲ್ಲಾ ನೀನೇ ತಗೊಂಡ್ಬಿಟ್ಟೆಯಲ್ಲ ಭಾಯ್, ಮಾಕೇಮಿ ಮಿಗುಲ್ತದಿ?" ಎಂದ, ನಮಗೇನು ಮಿಗುತ್ತದೆ ಎಂದು ತೆಲುಗು ಬೆರೆಸಿ. ಅವನು ನಕ್ಕ. ಅದೇ ನಗು. ಡ್ರೈವರು ಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಡ್ರೈವರು ಹೋದ. ಬಸ್ಸಿನವನು ಹಾರನ್ ಹಾಕಿದ. ನಾನು ಚೀಲ ತೆಗೆದುಕೊಂಡು ಹತ್ತಿಬಿಟ್ಟೆ.

ಮಾರನೆಯ ದಿನ ಹಣ್ಣು ಸರಿಯಾಗಿ ಮಾಗಿತ್ತು. ನಾನು ಅದನ್ನು ಮುಟ್ಟಲಿಲ್ಲ ಎಂದು ಬರೆಯಬೇಕೆಂದು ಆಸೆಯಾಗುತ್ತದೆ. ಎರಡು ತಿಂದೆ.

ಹೋದ ವರ್ಷ ಮ್ಯಾನೇಜರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರೂ ಈಗ ನಿವೃತ್ತರು. "ಬಿಡಿ, ಹಳೇ ಕಥೆ. ಕೊನೆಗೆ ಸಿಸ್ಟಂ ಚೆನ್ನಾಗೇ ಬಂತಲ್ಲ," ಎಂದರು. ಆ ಹೆಣ್ಣುಮಗಳಿಗೂ ಪತ್ರ ಬರೆದೆ. ಉತ್ತರ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಮೇಸ್ತ್ರಿಯ ಮನೆಗೆ ಹೋಗಿ ಕೂತು ಬಂದೆ. ಕ್ಷಮೆ ಕೇಳಿದರೆ ನನಗೇನೂ ನಷ್ಟವಾಗದ ಕಡೆಯೆಲ್ಲ ಹೋಗಿ ಕೇಳಿದ್ದಾಯಿತು. ಹೋಳೂರಿನಿಂದ ನಂಗಲಿಗೆ ಎರಡು ಬಸ್ಸು ಬದಲಾಯಿಸಿದರೆ ಸಾಕು. ಅಷ್ಟು ದೂರ ಇನ್ನೂ ಹೋಗಿಲ್ಲ.

'ತೀರ್ಮಾನ ಯಾರದು' ಎಂಬ ಖಾನೆಯಲ್ಲಿ ಈಗಲೂ ನನ್ನ ಹೆಸರೇ ಇರಬೇಕು. ಅಲ್ಲಿ ಇರಬೇಕಾದವನು, ನಾನು ಇದುವರೆಗೆ ಕ್ಷಮೆ ಕೇಳದೆ ಉಳಿಸಿಕೊಂಡಿರುವ ಒಬ್ಬನೇ ಒಬ್ಬನು, ರಜಾಯಿ ಹೊಲಿಯುವವರ ಮಗ, ಮಾಲೂರಿನ ಶೆಡ್ಡಿನಲ್ಲಿ ಇಪ್ಪತ್ತೆರಡು ಸೀಸನ್ನು ಬಟ್ಟೆ ಕಟ್ಟಿದವನು, ನಂಗಲಿಯ ಲಾರಿ ಸಾಲಿನ ಪಕ್ಕ ಹಣ್ಣು ಮಾರುವವನು.